ಉಸಿರಿಗೆ ನಲವತ್ತೊಂದು ಗೀಟು

ಬಾವುಟಗುಡ್ಡ, ಮಂಗಳೂರು
ಫೆಬ್ರವರಿ ೩೦, ೨೩೧೮

ಸಂಗೀತ ಬರೆಯುವ ಲವೀನಾ ಡೇಸಾ ಅವರಿಗೆ, ಮುನ್ನೂರು ವರ್ಷಗಳ ಆಚೆಯಿಂದ ಐತಪ್ಪನ ನಮಸ್ಕಾರ. ತಾರೀಖು ನೋಡಿ ನಗಬೇಡಿ. ಫೆಬ್ರವರಿಗೂ ಮೂವತ್ತು ದಿನ ಕೊಟ್ಟು ನಮ್ಮಲ್ಲಿ ನೂರು ವರ್ಷವಾಯಿತು. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಕಡಲು ಈಗ ಗುಡ್ಡದ ಬುಡಕ್ಕೇ ಬಂದಿದೆ. ಉಪ್ಪುಗಾಳಿಗೆ ತಂತಿ ತುಕ್ಕು ಹಿಡಿಯದಂತೆ ದಿನಾ ಬೆಳಿಗ್ಗೆ ಪಿಯಾನೊ ಒರೆಸುವುದು, ಸಂಜೆ ನುಡಿಸುವುದು ನನ್ನ ಕೆಲಸ. ನೀವು ಫ್ಲೂಟ್ ಎನ್ನುವುದನ್ನು ನಾವು ಬೆಳ್ಳಿಕೊಳಲು ಎನ್ನುತ್ತೇವೆ. ಅದನ್ನು ಹೆಚ್ಚಾಗಿ ಊದುಯಂತ್ರವೇ ನುಡಿಸುತ್ತದೆ. ಗಾಳಿ ತುಂಬಿದ ಪೆಟ್ಟಿಗೆ, ದಣಿವೆಂಬುದಿಲ್ಲ. ಫ್ಲೂಟ್ ಮತ್ತು ಪಿಯಾನೊಗೆ ನೀವು ಬರೆದ ಸೊನಾಟಾದ ಎರಡನೆಯ ಭಾಗವನ್ನಂತೂ 'ಯಂತ್ರಕ್ಕೆ ಮಾತ್ರ' ಎಂದು ಪಟ್ಟಿಗೆ ಸೇರಿಸಿಬಿಟ್ಟಿದ್ದರು. ಅಷ್ಟುದ್ದದ ಸಾಲುಗಳು, ಎಲ್ಲೂ ಉಸಿರೆಳೆಯಲು ಜಾಗವಿಲ್ಲ. ನನಗೆ ನಿಮ್ಮ ಮೇಲೆ ಸಿಟ್ಟಿತ್ತು, ಒಪ್ಪಿಕೊಳ್ಳುತ್ತೇನೆ. ನಮ್ಮೂರಿನಲ್ಲಿ ಬಾಯಿಂದ ಬೆಳ್ಳಿಕೊಳಲು ಊದುವವಳೆಂದರೆ ನನ್ನ ಅಕ್ಕ ದೇವಕಿ ಒಬ್ಬಳೇ. ದೂಳುಜ್ವರ ಬಂದು ಒಂದು ಶ್ವಾಸಕೋಶ ಹೋದ ಮೇಲೆ ಎರಡು ವರ್ಷ ಅವಳು ಅದನ್ನು ಮುಟ್ಟಲಿಲ್ಲ. ಊಟ ಕಡಿಮೆಯಾಯಿತು, ಮಾತು ನಿಂತಿತು. ಅಕ್ಕ ಹೀಗೇ ಕರಗಿಹೋಗುತ್ತಾಳೆಂದು ನಾನು ಹೆದರಿದ್ದೆ.

ಹೋದ ತಿಂಗಳು ಹಳೆಯ ಪಿಯಾನೊವೊಂದನ್ನು ಬಿಚ್ಚಿದಾಗ ಒಳಗೆ ನಿಮ್ಮ ಕೈಬರಹದ ಪ್ರತಿ ಸಿಕ್ಕಿತು. ಎರಡನೆಯ ಭಾಗದ ತುಂಬ ಪೆನ್ಸಿಲಿನ ಪುಟ್ಟ ಗೀಟುಗಳು, ಎಣಿಸಿದೆ, ನಲವತ್ತೊಂದು. ಅಂಚಿನಲ್ಲಿ ನಿಮ್ಮ ಒಕ್ಕಣೆ: "ಗೀಟು ಇದ್ದಲ್ಲೆಲ್ಲ ಫ್ಲೂಟಿನವರು ಬೇಕಾದಷ್ಟು ಉಸಿರು ತೆಗೆದುಕೊಳ್ಳಲಿ. ಪಿಯಾನೊ ಕಾಯಲಿ." ಆದದ್ದೇನೆಂದು ಆಗ ತಿಳಿಯಿತು. ಹಳೆಯ ಹಾಳೆಗಳನ್ನು ನಕಲು ಮಾಡುವ ಕಸಗಣ್ಣು ಎಂಬ ಯಂತ್ರ ನಮ್ಮಲ್ಲಿದೆ. ಅದು ಅಂಚು ಕತ್ತರಿಸುತ್ತದೆ, ಸಣ್ಣ ಗುರುತುಗಳನ್ನು ಕೊಳೆಯೆಂದು ಅಳಿಸುತ್ತದೆ. ನಿಮ್ಮ ಗೀಟುಗಳನ್ನು ಅದು ನೊಣದ ಹಿಕ್ಕೆ ಎಂದುಕೊಂಡಿತ್ತು.

ಅಕ್ಕ ಆ ಹಾಳೆಯನ್ನು ಬಹಳ ಹೊತ್ತು ನೋಡಿದಳು. "ಇವರಿಗೂ ದಮ್ಮಿನ ಕಾಯಿಲೆ ಇತ್ತು ಕಾಣ್ತದೆ. ಆ ಕೊಳಲು ಕೊಡು ಮಾರಾಯ" ಅಂದಳು.

ನಿನ್ನೆ ನೆರೆಯವರ ಮುಂದೆ ನುಡಿಸಿದೆವು. ಪ್ರತಿ ಗೀಟಿನಲ್ಲೂ ನಾನು ಎಡಗೈಯಲ್ಲಿ ಒಂದೇ ಮಂದ್ರಸ್ವರವನ್ನು ಮೆಲ್ಲಗೆ ಒತ್ತುತ್ತ ಕಾದೆ. ಹತ್ತೊಂಬತ್ತನೆಯದರಲ್ಲಿ ಅವಳು ಎಷ್ಟು ಹೊತ್ತಾದರೂ ಶುರು ಮಾಡಲಿಲ್ಲ. ಮುಗಿಯಿತು ಅಂದುಕೊಂಡೆ, ಆದರೂ ಅದೇ ಸ್ವರ ಒತ್ತುತ್ತಿದ್ದೆ. ಆಮೇಲೆ ಕೊಳಲು ಬಂತು. ಯಂತ್ರ ಆರು ನಿಮಿಷದಲ್ಲಿ ಮುಗಿಸುವುದನ್ನು ನಾವು ಹನ್ನೊಂದು ನಿಮಿಷ ನುಡಿಸಿದೆವು. ನನಗೆ ಅಳು ಬಂತು. ಅಕ್ಕ ಎಲ್ಲರೆದುರೇ ಬೈದಳು, ಮನೆಗೆ ಬಂದು ಎರಡು ಬಟ್ಟಲು ಗಂಜಿ ಉಂಡಳು. ಎಷ್ಟು ಹಗುರವಾಯಿತು ಗೊತ್ತೇ ನನಗೆ!

ಈಗೊಂದು ಬೇಡಿಕೆ. ಈ ಕಾಗದ ಸಿಗುವಾಗ ನೀವು ಪ್ರತಿಯನ್ನು ಚೊಕ್ಕ ಮಾಡಲೆಂದು ರಬ್ಬರ್ ಹಿಡಿದು ಕೂತಿದ್ದರೆ, ದಯಮಾಡಿ ಕೆಳಗಿಡಿ. ಕಸಗಣ್ಣು ಕೊಳೆಯೆಂದು ಅಳಿಸದ ಹಾಗೆ ಆ ಗೀಟುಗಳನ್ನು ಶಾಯಿಯಲ್ಲಿ ಗಟ್ಟಿಯಾಗಿ ತಿದ್ದಿ ಎಳೆಯಿರಿ. ಪಕ್ಕದ ಕೋಣೆಯಲ್ಲಿ ಅಕ್ಕ ಶುರು ಮಾಡಿದ್ದಾಳೆ. ನಾನು ಹೋಗಿ ಕಾಯಬೇಕು.