ಕೂಸಿಲ್ಲದ ಬಾಣಂತನ

ಅಕ್ಕೂರು
14-11-2004

ಚಿರಂಜೀವಿ ನಾಗರಾಜುವಿಗೆ ಅವ್ವನ ಆಶೀರ್ವಾದ.

ಹೇಗಿದ್ದೀಯಪ್ಪಾ? ಪುಣೆಯಲ್ಲಿ ಚಳಿ ಶುರುವಾಗಿರಬೇಕು. ಟ್ರಂಕಿನ ತಳದಲ್ಲಿ ಸ್ವೆಟರ್ ಇಟ್ಟಿದ್ದೇನೆ, ಹಾಕಿಕೋ. ದಿನಾ ಚಪಾತಿ ತಿಂದು ಹೊಟ್ಟೆ ಕೆಟ್ಟಿದೆ ಎಂದಿದ್ದೆಯಲ್ಲ, ಬಿಡದಿಯ ನಿನ್ನ ಫ್ಯಾಕ್ಟರಿಯವರು ಯಾರಾದರೂ ಆ ಕಡೆ ಹೊರಟರೆ ತಿಳಿಸು, ರಾಗಿಹಿಟ್ಟು ಕಳಿಸುತ್ತೇನೆ. ಹೊಸ ಮಿಷನ್ನಿನ ಕೆಲಸ ಕಲಿತಾಯಿತೇ? ಇಲ್ಲಿ ರೇಷ್ಮೆಹುಳು ಪೊರೆ ಬಿಟ್ಟು ಮೂರನೇ ಜ್ವರದಿಂದ ಎದ್ದಿವೆ, ಸೊಪ್ಪಿಗೆ ಕೊರತೆಯಿಲ್ಲ, ಹಸು ಚೆನ್ನಾಗಿದೆ. ಗುರುವಾರ ಗುರುವಾರ ಖಾಸಿಂ ಸಾಹೇಬರ ಅಂಗಡಿಗೆ ಫೋನು ಮಾಡಿದಾಗ ಇವನ್ನೆಲ್ಲ ತಪ್ಪದೆ ಕೇಳುತ್ತೀಯ. ಕೇಳಬೇಕಾದ್ದೊಂದನ್ನು ಮಾತ್ರ ಕೇಳುವುದಿಲ್ಲ. ಅಂಗಡಿಗೆ ಬೀಡಿ ಕೊಳ್ಳಲು ಬಂದವರೆಲ್ಲ ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿರುತ್ತಾರೆ, ಅಲ್ಲಿ ನಾನೇನು ಹೇಳಲಿ? ಅದಕ್ಕೇ ಈ ಕಾಗದ. ಏಳನೇ ಕ್ಲಾಸಿನವರೆಗೆ ಓದಿದ್ದು ಇವತ್ತು ಉಪಯೋಗಕ್ಕೆ ಬಂತು.

ಐದು ತಿಂಗಳು ತುಂಬಿ ಹೊಟ್ಟೆಯಲ್ಲೇ ಹೋದ ಕೂಸು ಅದು. ನೀನು ಬಂದು ಎರಡು ದಿನ ಇದ್ದು, ರಜೆಯಿಲ್ಲವೆಂದು ಹೊರಟುಬಿಟ್ಟೆ. ನೀನು ಹೋದ ಮಾರನೇ ದಿನ ನಿನ್ನ ಹೆಂಡತಿ ಭಾನುಪ್ರಿಯಳ ಎದೆಯಲ್ಲಿ ಹಾಲು ಇಳಿಯಿತು. ಕುಡಿಯುವ ಬಾಯಿ ಇಲ್ಲವೆಂದು ಮೈಗೆ ಗೊತ್ತಾಗುತ್ತದೆಯೇ? ಒದ್ದೆಯಾದ ರವಿಕೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹುಳುವಿಗೆ ಸೊಪ್ಪು ಕತ್ತರಿಸುತ್ತ ಕೂತಿದ್ದಳು. ಕೈಯಿಂದ ಕತ್ತಿ ಕಿತ್ತುಕೊಂಡು ಒಳಗೆ ಕರೆತಂದು ಮಲಗಿಸಿದೆ. ತವರಿನಲ್ಲಿ ನೋಡಿಕೊಳ್ಳಲು ಅವಳಿಗೆ ತಾಯಿಯಿಲ್ಲ, ನಾನೇ ಬಾಣಂತನ ಶುರುಮಾಡಿದೆ. ಎಣ್ಣೆನೀರು, ಸಾಂಬ್ರಾಣಿ ಹೊಗೆ, ಬೆಳ್ಳುಳ್ಳಿ ಮೆಣಸಿನ ಸಾರು, ಕಿವಿಗೆ ಹತ್ತಿ, ಒಂದನ್ನೂ ಬಿಟ್ಟಿಲ್ಲ. ನಿನ್ನ ಸೋದರತ್ತೆ ಹನುಮಂತಮ್ಮ ಬಾಗಿಲಲ್ಲೇ ನಿಂತು, “ಕೂಸೇ ಇಲ್ದೆ ಅದೆಂತಾ ಬಾಣಂತನ ಸಿದ್ದಮ್ಮ, ಊರೋರು ನಗಾಕಿಲ್ವಾ?” ಎಂದರು. “ಕೂಸು ಹೋಯ್ತು ಕಣತ್ತಿಗೆ, ಹೆತ್ತೋಳು ಇಲ್ಲೇ ಅವ್ಳಲ್ಲ” ಎಂದೆ. ಅಂದಿನಿಂದ ಅವರು ಇತ್ತ ಸುಳಿದಿಲ್ಲ, ನನಗೂ ಹಾಯಾಗಿದೆ.

ಆಸ್ಪತ್ರೆಯ ಸ್ಕ್ಯಾನಿನಲ್ಲಿ ಅವಳ ಅಂಡಾಶಯದಲ್ಲಿ ನೀರುಗುಳ್ಳೆ ಕಂಡಿತು ಎಂದಷ್ಟೇ ನಿನಗೆ ಗೊತ್ತು. ಮಿಕ್ಕದ್ದನ್ನು ನಿನ್ನ ಸೋದರತ್ತೆಯೇ ಫೋನಿನಲ್ಲಿ ತುಂಬಿದ್ದಾರೆ. ಗೆಡ್ಡೆ ಕೂಸನ್ನು ತಿಂದುಹಾಕಿತಂತೆ, ಇವಳು ನೋವನ್ನು ಮುಚ್ಚಿಟ್ಟಳಂತೆ, ಗರ್ಭಕೋಶವನ್ನೇ ತೆಗೆಸಬೇಕಂತೆ. ಹುಳು ಸಾಕುವವರ ಬುದ್ಧಿ ಇದು. ತಟ್ಟೆಯಲ್ಲಿ ನಾಲ್ಕು ಹುಳುವಿಗೆ ರೋಗ ಬಂದರೆ ಇಡೀ ತಟ್ಟೆಯನ್ನೇ ಗುಂಡಿಗೆ ಸುರಿಯುತ್ತೇವಲ್ಲ, ಹೆಂಗಸಿನ ಹೊಟ್ಟೆಯೂ ಹಾಗೇ ಎಂದುಕೊಂಡಿದ್ದಾರೆ. ನಾನು ಅವಳನ್ನು ರಾಮನಗರದ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋಗಿ ಎದುರಿಗೆ ಕೂತು ಕೇಳಿದೆ. ಅವರು ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಗರ್ಭಕೋಶದ ಆಚೆಗೊಂದು ಈಚೆಗೊಂದು ಅಂಡಾಶಯ. ಅದರಲ್ಲಿ ಹೀಗೆ ನೀರಿನ ಸಣ್ಣ ಚೀಲ ಏಳುವುದು ಎಷ್ಟೋ ಹೆಂಗಸರಿಗೆ ಉಂಟಂತೆ, ಹೆಚ್ಚಿನವು ತಾವಾಗಿಯೇ ಕರಗುತ್ತವಂತೆ. ಇವಳದು ಚಿಕ್ಕದು, ಕೆಟ್ಟ ಗೆಡ್ಡೆಯ ಲಕ್ಷಣವಿಲ್ಲ, ಸಂಕ್ರಾಂತಿ ಹೊತ್ತಿಗೆ ಮತ್ತೆ ಸ್ಕ್ಯಾನ್ ಮಾಡಿ ನೋಡೋಣ ಎಂದರು. ಇದ್ದಕ್ಕಿದ್ದಂತೆ ತಡೆಯಲಾರದ ನೋವು, ವಾಂತಿ, ಜ್ವರ, ತಲೆಸುತ್ತು ಬಂದರೆ, ರಕ್ತ ಹೆಚ್ಚು ಹೋದರೆ ಮಾತ್ರ ತಡಮಾಡದೆ ಓಡಿ ಬರಬೇಕು. ಗರ್ಭಕೋಶ ತೆಗೆಸುವ ಮಾತನ್ನು ಎತ್ತಿದ್ದಕ್ಕೆ ನನ್ನನ್ನೇ ಗದರಿದರು. ಕೂಸು ಹೋದದ್ದು ಆ ಗುಳ್ಳೆಯಿಂದಲ್ಲ. ಬಸ್ಸು ಹತ್ತಿದ್ದರಿಂದಲೂ ಅಲ್ಲ, ಸೊಪ್ಪಿನ ಹೊರೆ ಎತ್ತಿದ್ದರಿಂದಲೂ ಅಲ್ಲ. “ಎಷ್ಟೋ ಸಲ ಕಾರಣ ನಮಗೂ ಗೊತ್ತಾಗಲ್ಲಮ್ಮ” ಎಂದು ಅವರೇ ಹೇಳಿದರು. ಮೈ ಬೇಗ ಕೂಡಿಕೊಳ್ಳುತ್ತದೆ, ಮನಸ್ಸಿಗೇ ಹೊತ್ತು ಹಿಡಿಯುವುದು ಎಂದು ಹೇಳಿ, “ಯಜಮಾನ್ರು ಬರ್ಲಿಲ್ವಾ?” ಎಂದು ಕೇಳಿದರು. ಪುಣೆಯಲ್ಲಿದ್ದಾನೆ ಎಂದು ನಾನೇ ಹೇಳಿದೆ.

ಈಗ ಒಸಿ ಊಟ ಸೇರುತ್ತಿದೆ, ಓಡಾಡುತ್ತಾಳೆ. ಗುರುವಾರ ಸಂಜೆ ಮಾತ್ರ ಒಂದು ಕಡೆ ನಿಲ್ಲುವುದಿಲ್ಲ. ತಾನೇ ನನ್ನ ಚಪ್ಪಲಿ ತಂದಿಟ್ಟು, ನಾನು ಅಂಗಡಿಯಿಂದ ಬರುವವರೆಗೂ ಬಾಗಿಲು ಕಾಯುತ್ತಾಳೆ. “ಏನಂದ್ರತ್ತೆ?” ಎನ್ನುತ್ತಾಳೆ. ಹಸುವನ್ನು ಕೇಳಿದ, ಹುಳುವನ್ನು ಕೇಳಿದ ಎನ್ನಲೇ? “ನಿನ್ನೇ ಕೇಳ್ದ ಕಣವ್ವ” ಎನ್ನುತ್ತಿದ್ದೆ. ಮೊನ್ನೆ ನನ್ನ ಮುಖವನ್ನೇ ನೋಡಿ, “ಸುಳ್ಳು ಹೇಳ್ಬ್ಯಾಡಿ ಬುಡಿ ಅತ್ತೆ” ಎಂದು ಒಳಗೆ ಹೋದಳು. ನಿನಗೂ ದುಃಖವಿದೆ, ಬಲ್ಲೆ. ಚನ್ನಪಟ್ಟಣದ ಗೊಂಬೆ ಮಾಡುವ ಇದ್ರೀಸನಿಗೆ, ಕೂಸಿಗೆಂದು ಬಣ್ಣದ ಗಿಲಕಿ ಮಾಡಿಡಲು ಹೇಳಿ ಹೋದವನು ನೀನು. ಆದರೆ ನೀನು ಬಾಯಿ ಬಿಡದೆ ಕೂತರೆ ಅವಳು ಅದನ್ನು ದುಃಖವೆಂದು ತಿಳಿಯುವುದಿಲ್ಲ ಮಗನೇ, ಸಿಟ್ಟೆಂದೇ ತಿಳಿಯುತ್ತಾಳೆ.

ಆರೋಗ್ಯ ಜೋಪಾನ. ರೂಮಿನ ಹುಡುಗರಿಗೆಲ್ಲ ನಾನು ಕೇಳಿದೆನೆಂದು ಹೇಳು. ಮನೆದೇವರು ನಿಮ್ಮಿಬ್ಬರನ್ನೂ ಕಾಯಲಿ.

ಇಂತಿ ನಿನ್ನ ಅವ್ವ,
ಸಿದ್ದಮ್ಮ

ಮರೆತಿದ್ದೆ. ಇನ್ನು ಮೇಲೆ ಗುರುವಾರ ನಾನು ಅಂಗಡಿಗೆ ಹೋಗುವುದಿಲ್ಲ. ತಲೆಗೆ ಬಟ್ಟೆ ಕಟ್ಟಿ, ಒಂದು ಕಿವಿಯ ಹತ್ತಿ ತೆಗೆದು, ಅವಳನ್ನೇ ಕಳಿಸುತ್ತೇನೆ. ಫೋನನ್ನು ಒಳಮನೆಗೆ ಎಳೆದು ಕೊಡುತ್ತೇನೆಂದು ಖಾಸಿಂ ಸಾಹೇಬರು ಒಪ್ಪಿದ್ದಾರೆ. ಹಸುವಿನ ವಿಚಾರ ಅವಳನ್ನು ಕೇಳಬೇಡ. “ನಿನ್ ತಪ್ಪಲ್ಲ ಕಣೆ” ಎನ್ನು, ಅಷ್ಟು ಸಾಕು. ಅವಳು ಅತ್ತರೆ ಫೋನು ಇಡಬೇಡ.