ಸೋದರಮಾವ ಹಿಡಿಯಬೇಕಾದ ಸೀರೆ

ಸುಂಟಿಕೊಪ್ಪ
9 ಮಾರ್ಚ್ 2025

ಪ್ರೀತಿಯ ತಂಗಿ ವೀಣಾಗೆ,

ನಿನ್ನ ಅಣ್ಣ ಪುಟ್ಟಸ್ವಾಮಿಯ ಆಶೀರ್ವಾದ. ಮಂಡಿನೋವು ಹೇಗಿದೆ? ಮದುವೆ ಮನೆಯ ಓಡಾಟದಲ್ಲಿ ನೀನು ಎಣ್ಣೆ ಹಚ್ಚಿಕೊಳ್ಳುವುದನ್ನು ಮರೆತಿರುತ್ತೀಯ, ಅದು ನನಗೆ ಗೊತ್ತು. ಶಿವಪ್ರಕಾಶರ ಬಿ.ಪಿ. ಮಾತ್ರೆ ತಪ್ಪದಂತೆ ನೋಡಿಕೋ, ಮಗಳ ಮದುವೆ ಅಂದರೆ ಗಂಡಸರಿಗೆ ರಕ್ತ ತಲೆಗೇರುವುದು ಬೇಗ. ನಿನ್ನ ಅತ್ತಿಗೆ ನಿಂಗಮ್ಮ ಚೆನ್ನಾಗಿದ್ದಾಳೆ. ಮಿಡಿ ಉಪ್ಪಿನಕಾಯಿ ಹಾಕಿಟ್ಟಿದ್ದಾಳೆ, ಬರುವಾಗ ತರುತ್ತೇವೆ. ಇಲ್ಲಿ ಕಾಫಿ ಅರಳಿಸುವ ಹೂಮಳೆ ಇನ್ನೂ ಬಿದ್ದಿಲ್ಲ. ತೋಟದವರೆಲ್ಲ ಆಕಾಶ ನೋಡಿಕೊಂಡು ಕೂತಿದ್ದಾರೆ, ನಾನು ಅಂಗಡಿಯಲ್ಲಿ ರಸ್ತೆ ನೋಡಿಕೊಂಡು ಕೂತಿದ್ದೇನೆ. ಫೋನ್ ಇರುವಾಗ ಕಾಗದ ಯಾಕೆ ಅಂತ ನಗಬೇಡ. ಫೋನಿನಲ್ಲಿ ನಾನು ಬಾಯಿ ತೆರೆಯುವಷ್ಟರಲ್ಲಿ ನೀನು "ಇರಣ್ಣ, ಶಾಮಿಯಾನದವ್ರು ಬಂದವ್ರೆ" ಅನ್ನುತ್ತೀಯ. ಕಾಗದವಾದರೆ ಶಾಮಿಯಾನದವರು ಹೋಗುವ ತನಕ ಕಾಯುತ್ತದೆ.

ರಂಜಿತಾ ಆರ್ಡರ್ ಮಾಡಿದ ಸೀರೆ ಮೊನ್ನೆ ಬಂತು. ನಿನ್ನ ಮಗಳು ನಮ್ಮ ಅಂಗಡಿಯ ವಿಳಾಸವನ್ನೇ ಕೊಟ್ಟಿದ್ದಳು. ಅಪ್ಪ ಕೂರುತ್ತಿದ್ದ ಗಲ್ಲಾದ ಪಕ್ಕ, ನಾನು ಇಷ್ಟು ವರ್ಷ ಸೀರೆ ಬಿಚ್ಚಿ ಹರಡಿದ ಮೇಜಿನ ಮೇಲೆ ಪಾರ್ಸಲಿನವನು ಪ್ಲಾಸ್ಟಿಕ್ ಚೀಲ ಇಟ್ಟು, "ಓಟಿಪಿ ಹೇಳಿ ಸಾರ್" ಅಂದ. ನಮ್ಮ ಜಗುಲಿಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡಿರುವ ಟೈಲರ್ ದೇರಪ್ಪನ ಬಾಯಿ ನಿನಗೆ ಗೊತ್ತಲ್ಲ. "ಏನ್ ಸೌಕಾರ್ರೆ, ಈಗ ನೀವೂ ಫೋನಲ್ಲೇ ತರ್ಸಕ್ಕೆ ಶುರು ಮಾಡಿದ್ರಾ? ನನ್ ಮೆಷಿನ್ನೂ ಅದ್ರಲ್ಲೇ ಮಾರ್ಬಿಡಿ, ಜೊತೆಗೆ ನನ್ನೂ ಹಾಕಿ, ಫ್ರೀ ಅಂತ ಬರೀರಿ" ಅಂದ. ನಾನೂ ನಕ್ಕೆ. ಅದು ಯಾವ ಸೀರೆ ಅಂತ ಮಾತ್ರ ಅವನಿಗೆ ಹೇಳಲಿಲ್ಲ.

ಸಾಯಂಕಾಲ ರಂಜಿತಾ ಫೋನ್ ಮಾಡಿದಳು. "ಮಾವ, ಧಾರೆ ಸೀರೆ ನೀವೇ ತಾನೆ ಕೊಡೋದು? ಅದನ್ನೇ ತಗೊಂಡ್ಬನ್ನಿ. ಮಂಟಪದ ಹೂವಿಗೆ ಮ್ಯಾಚ್ ಮಾಡಿದೀನಿ. ನೀವು ಸುಮ್ನೆ ಕೈಯಲ್ಲಿ ಹಿಡ್ಕೊಂಡು ಕೊಡಿ, ಫೋಟೋ ಚೆನ್ನಾಗ್ ಬರತ್ತೆ" ಅಂದಳು. ಹುಡುಗಿಯ ದನಿಯಲ್ಲಿ ಒಂದಿಷ್ಟೂ ಕಲ್ಮಶವಿರಲಿಲ್ಲ. ಇದ್ದಿದ್ದರೆ ಗದರಬಹುದಿತ್ತು. ಸೋದರಮಾವ ಸುಮ್ಮನೆ ಹಿಡಿದುಕೊಂಡು ಕೊಡುವುದನ್ನು ನಮ್ಮ ಮನೆಯಲ್ಲಿ ಎಲ್ಲಿ ನೋಡಿದ್ದೀವಿ ವೀಣಾ? ಅರಕಲಗೂಡು ಕಡೆಯಿಂದ ಬಟ್ಟೆ ಗಂಟು ಹೊತ್ತುಕೊಂಡು ಬಂದು, ಎಸ್ಟೇಟಿನ ಕೂಲಿಯವರ ಲೈನ್ ಮನೆಗಳ ಮುಂದೆ ಬಿಚ್ಚಿ ಮಾರಿ, ಆಮೇಲೆ ಈ ಅಂಗಡಿ ಹಿಡಿದವನು ಅಪ್ಪ. ಅತ್ತೆಯ ಮಗಳ ಮದುವೆಯಲ್ಲಿ ಅವನು ಸೀರೆಯ ಮಡಿಕೆ ಬಿಚ್ಚಿ, ಸೆರಗನ್ನು ಎರಡೂ ಕೈಯಲ್ಲಿ ಅಗಲಿಸಿ, ಚಪ್ಪರದ ಈ ತುದಿಯಿಂದ ಆ ತುದಿಗೆ ತೋರಿಸಿ ಕೊಟ್ಟದ್ದು ನಿನಗೆ ನೆನಪಿದೆಯಾ? ನೀನು ಆಗ ಲಂಗದ ಹುಡುಗಿ. "ಅಪ್ಪ ಸೀರೆ ಮಾರ್ತಾವ್ನೆ" ಅಂತ ಕೂಗಿ ಅಮ್ಮನ ಕೈಲಿ ಏಟು ತಿಂದೆ. ಹಾಗೆ ಸೆರಗು ಬಿಚ್ಚಿ ನಾನು ತೋರಿಸಬೇಕಾದದ್ದು ಈಗ ಈ ಪಾರ್ಸಲಿನ ಸೀರೆಯನ್ನು. ಎದುರಿಗೆ ಕೂತಿರುವವರಲ್ಲಿ ಅರ್ಧ ಜನ ಒಂದು ಕಾಲದಲ್ಲಿ ನನ್ನ ಗಿರಾಕಿಗಳು.

ಇನ್ನೊಂದು ಸಂಗತಿ ನಿನಗೆ ಗೊತ್ತಿರಲಿಕ್ಕಿಲ್ಲ. ದೀಪಾವಳಿಗೆ ಬಂದಾಗ ರಂಜಿತಾ ಅಂಗಡಿಗೆ ಬಂದು ಒಂದು ಕೆಂಪು ಕೊಳ್ಳೇಗಾಲದ ಸೀರೆಯನ್ನು ಹೆಗಲಿಗೆ ಹಾಕಿಕೊಂಡು, ಕನ್ನಡಿ ಮುಂದೆ ತುಂಬ ಹೊತ್ತು ನಿಂತಿದ್ದಳು. "ಮಾವ, ಇದನ್ನ ಯಾರಿಗೂ ಕೊಡ್ಬೇಡಿ" ಅಂದಳು. ಫೋನಿನಲ್ಲಿ ಫೋಟೋನೂ ಹೊಡೆದುಕೊಂಡಳು. ಅವಳು ಹೋದ ಮೇಲೆ ನಾನು ಆ ಸೀರೆಯನ್ನು ಬಿಳಿ ಪಂಚೆಯಲ್ಲಿ ಸುತ್ತಿ ಮೇಲಿನ ಹಲಗೆಯಲ್ಲಿಟ್ಟೆ. ಕುಶಾಲನಗರದ ಡಾಕ್ಟರ ಹೆಂಡತಿ ಕೇಳಿದಾಗಲೂ ಕೊಡಲಿಲ್ಲ, ನಮ್ಮ ಹುಡುಗಿಗೆ ಅಂದೆ. ಈಗ ಪಾರ್ಸಲ್ ಬಿಚ್ಚಿ ನೋಡಿದರೆ ಅದೇ ಕೆಂಪು, ಅದೇ ಅಂಚು, ಅದೇ ಮಾವಿನಕಾಯಿ ಬುಟ್ಟಾ. ಆ ಫೋಟೋ ತೋರಿಸಿ ಹುಡುಕಿದಳಂತೆ, ಫೋನು ಹುಡುಕಿಕೊಟ್ಟಿತಂತೆ. ಮೇಲಿನ ಹಲಗೆಯ ಸೀರೆಯನ್ನು ಇಳಿಸಿ ಪಕ್ಕದಲ್ಲಿಟ್ಟೆ. ಕಣ್ಣಿಗೆ ಅವಳಿಜವಳಿ. ಮುಟ್ಟಿದರೆ ಒಂದು ರೇಷ್ಮೆ, ಇನ್ನೊಂದು ಏನೂ ಅಲ್ಲ.

"ಮಾವ, ನಿಮಗೆ ಗೊತ್ತಾಗತ್ತಲ್ಲ, ಒಂದ್ಸಲ ನೋಡಿ ಹೇಳಿ. ಚೆನ್ನಾಗಿಲ್ಲಾಂದ್ರೆ ವಾಪಸ್ ಹಾಕ್ತೀನಿ" ಅಂದಿದ್ದಳು. ನಾನು "ಚೆನ್ನಾಗಿದೆ ಮಗಾ" ಅಂದೆ. ಬಟ್ಟೆಯ ವಿಷಯದಲ್ಲಿ ನಾನು ಗಿರಾಕಿಗೆ ಸುಳ್ಳು ಹೇಳಿದ್ದು ಅದೇ ಮೊದಲು. ನಿಜ ಹೇಳಿದ್ದರೆ ಮಾವ ಹೇಳಿದ ಹಾಗೆ ಆಗುತ್ತಿರಲಿಲ್ಲ, ಅಂಗಡಿಯವನು ಹೇಳಿದ ಹಾಗೆ ಆಗುತ್ತಿತ್ತು. ಅಂಗಡಿಯವನ ಮಾತನ್ನು ಈಗ ಯಾರು ನಂಬುತ್ತಾರೆ? ಗೊತ್ತಿಲ್ಲದ ಊರಿನ ಗೊತ್ತಿಲ್ಲದ ಹೆಂಗಸು ಐದು ನಕ್ಷತ್ರ ಹಾಕಿದರೆ ಅದು ಸತ್ಯ. ನಾನು ಬೆರಳಲ್ಲಿ ಮುಟ್ಟಿ ಹೇಳಿದರೆ ವ್ಯಾಪಾರ.

ಈಗ ಅಂಗಡಿಗೆ ಬರುವವರು ಬಟ್ಟೆ ಮುಟ್ಟಿ ನೋಡಲು ಬರುತ್ತಾರೆ, ಆಮೇಲೆ ಹೊರಗೆ ಬಸ್ ಸ್ಟ್ಯಾಂಡಿನಲ್ಲಿ ನಿಂತು ಫೋನಿನಲ್ಲಿ ಕೊಳ್ಳುತ್ತಾರೆ. ಕಾಫಿ ಪಿಕ್ಕಿಂಗ್ ಮುಗಿದು ಎಸ್ಟೇಟಿನವರು ಸಂಬಳ ತಗೊಂಡರೆ ಮೊದಲು ಕಾಲಿಡಲು ಜಾಗವಿರುತ್ತಿರಲಿಲ್ಲ. ಲೈನ್ ಮನೆಯ ಮಾರಿ ಅನ್ನುವವನು ಮನೆಮಂದಿಯನ್ನೆಲ್ಲ ಕರೆದುಕೊಂಡು ಬಂದು ಮಧ್ಯಾಹ್ನದ ತನಕ ಕೂತು, ಟೀ ತರಿಸಿ ಕುಡಿದು, ಕೊನೆಗೆ "ಸೌಕಾರ್ರೆ, ನಿಮ್ ಬಟ್ಟೆಗಿಂತ ನಿಮ್ ಟೀನೇ ಚೆನ್ನಾಗೈತೆ" ಅನ್ನುತ್ತಿದ್ದ. ಈ ಸಲ ಮಾರಿ ಬಂದದ್ದು ಮೊಮ್ಮಗಳ ಪಾರ್ಸಲ್ ಕೇಳಿಕೊಂಡು. ಎಸ್ಟೇಟಿನ ಒಳಗೆ ಗಾಡಿ ಹೋಗುವುದಿಲ್ಲವಂತೆ, ನಮ್ಮಲ್ಲಿ ಇಟ್ಟು ಹೋಗಿದ್ದರು. ಎತ್ತಿ ಕೊಟ್ಟೆ. ಪಾಪ, ಅವನಿಗೇ ನಾಚಿಕೆಯಾಗಿ ಟೀ ಬೇಡ ಅಂದ.

ನಮ್ಮಲ್ಲಿ ಇನ್ನೂ ಮಾರಾಟವಾಗುವುದು ಒಂದೇ, ಸಾವಿನ ಬಿಳಿ ಬಟ್ಟೆ. ಹೆಣ ನಾಲ್ಕು ದಿನ ಡೆಲಿವರಿಗೆ ಕಾಯುವುದಿಲ್ಲ ನೋಡು. ಆ ಬಟ್ಟೆಗೆ ಅಪ್ಪ ಹಾಕಿಕೊಟ್ಟ ಕ್ರಮವನ್ನೇ ಇವತ್ತಿಗೂ ಇಟ್ಟುಕೊಂಡಿದ್ದೇನೆ. ಕತ್ತರಿ ಹಾಕುವುದಿಲ್ಲ, ಕೈಯಲ್ಲೇ ಹರಿಯುವುದು. ಲಾಭ ಇಟ್ಟುಕೊಳ್ಳುವುದಿಲ್ಲ. ಹೋಗುವಾಗ "ಮತ್ತೆ ಬನ್ನಿ" ಅನ್ನುವುದಿಲ್ಲ. ಮದುವೆ ಬಟ್ಟೆ, ತೊಟ್ಟಿಲ ಬಟ್ಟೆ, ಸ್ಕೂಲ್ ಯೂನಿಫಾರಂ ಎಲ್ಲ ಹೋಗಿ ಈಗ ಬರುವವರು ಇವರೇ ಆದ್ದರಿಂದ, "ಮತ್ತೆ ಬನ್ನಿ" ಅಂತ ಹೇಳಿ ಎಷ್ಟು ಕಾಲವಾಯಿತೋ ನನಗೇ ಮರೆತಿದೆ.

ಇದನ್ನು ಹೇಳದೆ ಬಿಡಬೇಕು ಅಂದುಕೊಂಡಿದ್ದೆ, ಆಗುತ್ತಿಲ್ಲ. ಹೋದ ವರ್ಷ ನಿನ್ನ ಮಾವನವರು ತೀರಿಕೊಂಡಾಗ ಬೆಳಕು ಹರಿಯುವ ಮುಂಚೆ ನೀನು ಫೋನ್ ಮಾಡಿದೆ. "ಅಣ್ಣ, ಬಟ್ಟೆ ತಗೊಂಡು ಬಾ, ಕೊಡ್ಲಿಪೇಟೇಲಿ ಯಾವ ಅಂಗ್ಡೀನೂ ತೆಗ್ದಿಲ್ಲ" ಅಂದೆ. ಚಳಿಯಲ್ಲಿ ಜೀಪ್ ಮಾಡಿಕೊಂಡು ಬಂದೆ. ಶಿವಪ್ರಕಾಶರು ನನ್ನ ಎರಡೂ ಕೈ ಹಿಡಿದು, "ಭಾವ, ನಿಮ್ಮಂಗಡಿ ಇಲ್ದಿದ್ರೆ ಇವತ್ತು ನಮ್ ಗತಿ ಏನಾಗ್ತಿತ್ತು" ಅಂದರು. ಆ ಮಾತನ್ನು ಬಹಳ ದಿನ ಹೆಮ್ಮೆಯಿಂದ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಈಗ ಅದೇ ಮನೆಯಲ್ಲಿ ಮದುವೆ. ಬೀಗರಿಗೆ, ಅತ್ತಿಗೆ ನಾದಿನಿಯರಿಗೆ, ಅಡುಗೆಯವರಿಗೆ ಕೂಡ ಬಟ್ಟೆ ಬಂದಾಯಿತಂತೆ. ನಮ್ಮ ಅಂಗಡಿಯಿಂದ ಒಂದು ಕರವಸ್ತ್ರವೂ ಹೋಗಿಲ್ಲ. ಸಾವಿಗೆ ನೆನಪಾದ ಅಂಗಡಿ ಮದುವೆಗೆ ಯಾಕೆ ನೆನಪಾಗಲಿಲ್ಲ ತಂಗಿ? ಬಿಟ್ಟಿ ಕೇಳಿದ್ದರೂ ಕೊಡುತ್ತಿದ್ದೆ. ನೀನು ಕೇಳಲೇ ಇಲ್ಲವಲ್ಲ.

ಹೆದರಬೇಡ, ಮದುವೆಗೆ ಬರುತ್ತೇನೆ. ರಂಜಿತಾ ಹೇಳಿದ ಹಾಗೆ ಆ ಪಾರ್ಸಲಿನ ಸೀರೆಯನ್ನೇ ಹಿಡಿದುಕೊಂಡು, ನಕ್ಕು, ಕೊಡುತ್ತೇನೆ. ಸೆರಗು ಬಿಚ್ಚಿ ತೋರಿಸು ಅಂತ ಮಾತ್ರ ಯಾರೂ ಹೇಳಬಾರದು, ಅದನ್ನು ನೀನು ನೋಡಿಕೋ. ಕೆಂಪು ಸೀರೆಯನ್ನು ಈ ಕಾಗದದ ಜೊತೆ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸುತ್ತಿದ್ದೇನೆ. ಅವಳ ಕೈಗೆ ಕೊಡಬೇಡ. ಎರಡನ್ನೂ ಮುಟ್ಟಿದರೆ ಅವಳಿಗೂ ಗೊತ್ತಾಗುತ್ತದೆ, ಮದುವೆ ಹೆಣ್ಣಿನ ಮನಸ್ಸು ಕೆಡಬಾರದು. ನೀನು ಉಟ್ಟುಕೋ. ನಾನು ಮಂಟಪದಲ್ಲಿ ಸುಳ್ಳು ಸೀರೆ ಹಿಡಿದು ನಿಂತಾಗ ಎದುರಿಗೆ ಒಂದಾದರೂ ನಿಜದ ಸೀರೆ ಇರಲಿ.

ಮನೆಮಂದಿಗೆಲ್ಲ ನನ್ನ ನೆನಪು ತಿಳಿಸು. ರಂಜಿತಾಳ ತಲೆ ಸವರಿ, ಮಾವ ಹರಸಿದ ಅಂತ ಹೇಳು.

ಇತಿ ನಿನ್ನ ಅಣ್ಣ,
ಪುಟ್ಟಸ್ವಾಮಿ

ಮ.ಬ.: ಕಂಡಕ್ಟರ್ ಹಾರ್ನ್ ಹೊಡೆಸುತ್ತಿದ್ದಾನೆ, ಬೇಗ ಬರೆಯುತ್ತೇನೆ. ಸೀರೆ ಬೇಡವೆನಿಸಿದರೆ ವಾಪಸ್ ಕಳಿಸಬೇಡ, ತಗೊಳ್ಳಲು ಅಂಗಡಿ ಇರುವುದಿಲ್ಲ. ಈ ತಿಂಗಳ ಕೊನೆಗೆ ಬಾಗಿಲು ಹಾಕುತ್ತಿದ್ದೇನೆ. ಟೂರಿಸ್ಟರಿಗೆ ಹೋಂಮೇಡ್ ಚಾಕಲೇಟ್ ಮಾರುವವರು ಬರುತ್ತಾರಂತೆ. ದೇರಪ್ಪನಿಗೆ ಇನ್ನೂ ಹೇಳಿಲ್ಲ, ನೀನೂ ಹೇಳಬೇಡ. ಇದ್ದಬದ್ದ ಬಟ್ಟೆಯನ್ನೆಲ್ಲ ಸಂತೆಯವರಿಗೆ ಕೊಟ್ಟುಬಿಡುತ್ತೇನೆ. ಬಿಳಿ ಬಟ್ಟೆಯ ಕೊನೆಯ ತುಂಡನ್ನು ಮಾತ್ರ ನನ್ನ ಉದ್ದಕ್ಕೆ ಹರಿದು, ಮಡಿಸಿ, ಮನೆಯ ಕಬ್ಬಿಣದ ಟ್ರಂಕಿನ ತಳದಲ್ಲಿ ಇಟ್ಟಿದ್ದೇನೆ. ನಿನ್ನ ಅತ್ತಿಗೆಗೆ ಗೊತ್ತಿಲ್ಲ, ನೀನು ನೆನಪಿಟ್ಟುಕೋ. ಆ ಬೆಳಗಿನ ಜಾವ ನೀನು ಫೋನ್ ಮಾಡಲು ಅಣ್ಣನ ಅಂಗಡಿ ಇರುವುದಿಲ್ಲವಲ್ಲ.