ಸುಳಿವು ಕೊಡಬಾರದು

"ಕೋತಿ ತಪ್ಪು ಮಾಡ್ತಿದ್ರೂ ಸುಮ್ನೆ ನಿಂತಿರ್ತೀರಲ್ರೀ" ಎಂದು ನಕ್ಕಿದ್ದೆಯಲ್ಲ, ಪಂಕಜಾ. ನನ್ನ ಸಂಶೋಧನೆ ಮುಗಿಯಿತು. ಆ ಕೋತಿಯನ್ನು ಈ ಬೆಳಿಗ್ಗೆ ಚಾಮುಂಡಿಬೆಟ್ಟದ ತಪ್ಪಲಲ್ಲಿ ಬಿಟ್ಟೆವು. ಪಂಜರ ತೆರೆದಾಗ ಹೊರಬಂತು, ಮರದ ಮೇಲಿನ ಗುಂಪನ್ನು ನೋಡಿತು, ಮತ್ತೆ ಒಳಗೆ ಹೋಗಿ, ನಾನು ಕಲಿಸಿದಂತೆಯೇ ಅಗುಳಿ ಎಳೆದುಕೊಂಡು, ಕಡಲೆಕಾಯಿಗೆ ಕೈಚಾಚಿತು.

"ಏನಾರ ಒಂದ್ ಮಾತು ಏಳ್ಬುಡಿ ಸ್ವಾಮಿ, ನಿಮ್ ಮೊಕಾನೇ ನೋಡ್ಕೊಂಡ್ ಕುಂತದೆ" ಎಂದ, ಪ್ರಾಣಿಗಳನ್ನು ನೋಡಿಕೊಳ್ಳುವ ನಿಂಗಯ್ಯ. ಪ್ರಾಣಿ ನಿರ್ಧರಿಸುವಾಗ ನಾವು ಸುಳಿವು ಕೊಡಬಾರದೆಂಬುದು ನಿಯಮ. ಪ್ರಯೋಗ ಮುಗಿದಿದ್ದರೂ ನನಗೆ ಬಾಯಿ ಬರಲಿಲ್ಲ.

ಇದನ್ನು ಕಳಿಸಲು ನಿನ್ನ ವಿಳಾಸವೂ ನನ್ನಲ್ಲಿಲ್ಲ. ನಮ್ಮ ಜಯಲಕ್ಷ್ಮಿಪುರಂ ಮನೆ ಬಿಟ್ಟು ಹೊರಟ ದಿನ, ಬಾಗಿಲಲ್ಲಿ ಜಟಕಾ ಕಾಯುತ್ತಿದ್ದರೂ, ನೀನು ಟ್ರಂಕು ಹಿಡಿದುಕೊಂಡು ಅಷ್ಟು ಹೊತ್ತು ನನ್ನ ಮುಖವನ್ನೇ ಯಾಕೆ ನೋಡುತ್ತ ನಿಂತಿದ್ದೆ?